ರುಕಿಯಾಗೆ ಸಿಗದ ಒಂದು ವಾರ

ನವೆಂಬರ್ ಬಂತೆಂದರೆ ಫ್ರಾನ್ಸಿನ ಮಾರ್ಸೇಯ ಉತ್ತರದ ಬಡಾವಣೆಗಳಲ್ಲಿ ಎರಡು ಕೆಡುತ್ತವೆ: ಲಿಫ್ಟು, ಮತ್ತು ಒಂಬತ್ತನೇ ತರಗತಿಯ ಮಕ್ಕಳಿರುವ ಮನೆಗಳ ನೆಮ್ಮದಿ. ಲಿಫ್ಟು ಸರಿಮಾಡಲು ಯಾವಾಗಲಾದರೂ ಯಾರಾದರೂ ಬರುತ್ತಾರೆ.

ಒಂಬತ್ತನೇ ತರಗತಿಯ ಪ್ರತಿ ಮಗುವೂ ಡಿಸೆಂಬರಿನಲ್ಲಿ ಒಂದು ವಾರ ಎಲ್ಲಾದರೂ ಒಂದು ಕೆಲಸದ ಜಾಗಕ್ಕೆ ಹೋಗಿ, ಅಲ್ಲಿ ಏನು ನಡೆಯುತ್ತದೆಂದು ನೋಡಿಕೊಂಡು ಬರಬೇಕು. ಇದಕ್ಕೆ ಸ್ತಾಜ್ ಎನ್ನುತ್ತಾರೆ. ಜಾಗ ಹುಡುಕಿಕೊಳ್ಳುವುದು ಮನೆಯವರ ಪಾಲು. ವಕೀಲರ ಮಕ್ಕಳು ವಕೀಲರ ಕಚೇರಿಗೆ, ವೈದ್ಯರ ಮಕ್ಕಳು ಆಸ್ಪತ್ರೆಗೆ ಹೋಗುತ್ತಾರೆ. ನಮ್ಮ ಮಕ್ಕಳು ಕೋಳಿ ಹುರಿಯುವ ಅಂಗಡಿಗೆ ಹೋಗುತ್ತಾರೆ. ಕಾನೂನು ಮಾತ್ರ ಎಲ್ಲರಿಗೂ ಒಂದೇ.

ಸೊಯಿಲಿಹಿಯ ಮಗಳು ರುಕಿಯಾಗೆ ಹಡಗಿನ ಹುಚ್ಚು. ಹಡಗಿನಲ್ಲಿ ಕೂತು ಎಲ್ಲಿಗೋ ಹೋಗುವ ಹುಚ್ಚಲ್ಲ. ಅಷ್ಟು ದೊಡ್ಡ ಕಬ್ಬಿಣದ ಹೊಟ್ಟೆಯೊಳಗೆ ಏನೇನಿದೆ, ಯಾವುದು ಯಾವುದನ್ನು ತಿರುಗಿಸುತ್ತದೆ ಎಂದು ತಿಳಿಯುವ ಹುಚ್ಚು. ಅಪ್ಪ ಹನ್ನೊಂದು ವರ್ಷದಿಂದ ಬಂದರಿನ ಒಂದು ಹಡಗು ದುರಸ್ತಿ ಕಂಪನಿಯ ಗೇಟಿನಲ್ಲಿ ಕಾವಲುಗಾರ. ಇವೆರಡನ್ನೂ ಕೂಡಿಸಿ ನೋಡಲು ದೊಡ್ಡ ಲೆಕ್ಕ ಬೇಕಿರಲಿಲ್ಲ. ಆದರೂ ಅಪ್ಪನಿಗೆ ಅದು ಹೊಳೆದಿರಲಿಲ್ಲ.

ಮರಗೆಣಸಿನ ಸೊಪ್ಪಿನ ಸಾರು ಬಡಿಸುವಾಗ ಮಗಳೇ ಬಾಯಿಬಿಟ್ಟಳು.

"ಅಪ್ಪಾ, ಎಲ್ಲಾ ಕಂಪನಿಗೂ ಮೇಲ್ ಹಾಕ್ದೆ. ಒಂದೂ ಉತ್ತರ ಇಲ್ಲ. ನಿಮ್ಮ ಕಂಪನೀಲಿ ಕೇಳಪ್ಪಾ."

"ಯಾರನ್ನಮ್ಮಾ ಕೇಳ್ಲಿ?"

"ದೊಡ್ಡೋರನ್ನ. ದಿನಾ ಅವರ ಕಾರು ನಿನ್ನ ಮುಂದೆನೇ ತಾನೆ ಹೋಗೋದು?"

"ಕಾರು ಹೋಗ್ತದೆ. ಮಾತು ಹೋಗಲ್ಲ." ಸೊಯಿಲಿಹಿ ಅನ್ನ ಕಲಸಿದ. "ಇಷ್ಟು ವರ್ಷದಲ್ಲಿ ಅಲ್ಲಿ ಯಾರ ಹತ್ರಾನೂ ಏನೂ ಕೇಳಿಲ್ಲ ನಾನು. ಒಂದು ಲೋಟ ಕಾಫೀನೂ ಕೇಳಿಲ್ಲ. ಅದಕ್ಕೇ ನಂಗೆ ಮರ್ಯಾದೆ ಕೊಡ್ತಾರೆ."

"ಏನು ಮರ್ಯಾದೆ?" ಎಂದಳು ಹೆಂಡತಿ ಎಶಾಟಾ. "ಬೊಂಜೂರ್ ಅಂತಾರೆ. ಈ ಊರಲ್ಲಿ ನಾಯಿಗೂ ಬೊಂಜೂರ್ ಅಂತಾರೆ."

"ಅನ್ಫಾನ್ ಹೋಗಿದ್ದ ಅಂಗಡಿಗೇ ಇವಳೂ ಹೋಗ್ಲಿ ಬಿಡು," ಎಂದ ಸೊಯಿಲಿಹಿ. "ಐದು ದಿನದ ಮಾತು."

ಮಗ ಅನ್ಫಾನ್ ಎದುರಿಗೇ ಕೂತಿದ್ದ. ಎಲೆಕ್ಟ್ರಿಷಿಯನ್ ಆಗಬೇಕೆಂದಿದ್ದ ಹುಡುಗ ಆರು ವರ್ಷದ ಹಿಂದೆ ಇದೇ ಸ್ತಾಜಿಗಾಗಿ ಸೋದರಮಾವನ ಕೋಳಿ ಅಂಗಡಿಗೆ ಹೋಗಿದ್ದ. ಶನಿವಾರ ಜನ ಜಾಸ್ತಿ, ಸ್ವಲ್ಪ ಬಾ ಎಂದರು. ಆಮೇಲೆ ರಜೆಯಲ್ಲಿ ಬಾ ಎಂದರು. ಅವನು ಈಗಲೂ ಅಲ್ಲೇ ಇದ್ದ.

"ಬಾ ತಂಗೀ," ಎಂದ ಅವನು ನಗುತ್ತಾ. "ಎಣ್ಣೆ ಹೆಂಗೆ ಕುದೀತದೆ ಅಂತ ನೋಡ್ಕೊಂಡು ಬರಬಹುದು. ನಾನಿನ್ನೂ ನೋಡಿ ಮುಗಿಸಿಲ್ಲ."

ಸಾರು ಚೆನ್ನಾಗಿದೆ ಎಂದು ಸೊಯಿಲಿಹಿ ಹೇಳಿದ.

ಆ ಭಾನುವಾರ ಊರಿನವರ ಸಂಘದ ಸಭೆ ಇತ್ತು. ಆಫ್ರಿಕಾದ ಪಕ್ಕದ ಕೊಮೊರೊ ದ್ವೀಪಗಳ ಒಂದೇ ಹಳ್ಳಿಯಿಂದ ಬಂದು ಮಾರ್ಸೇಯಲ್ಲಿ ನೆಲೆಸಿದವರ ಸಂಘ ಅದು. ಸೊಯಿಲಿಹಿ ಅದರ ಕಾರ್ಯದರ್ಶಿ. ಸಂಘ ಸಣ್ಣದಲ್ಲ. ಸಾಗರದಾಚೆಯ ಹಳ್ಳಿಗೆ ರಸ್ತೆ ಮಾಡಿಸಿತ್ತು, ಶಾಲೆಗೆ ಚಾವಣಿ ಹಾಕಿಸಿತ್ತು. ಅವತ್ತಿನ ವಿಷಯ ಒಬ್ಬ ಸದಸ್ಯನ ಮಹಾಮದುವೆ, ಅಂದರೆ ಇಡೀ ಹಳ್ಳಿಗೆ ಊಟ ಹಾಕಿ ಮಾಡುವ ದುಬಾರಿ ಮದುವೆ. ಅದನ್ನು ಮಾಡಿಕೊಳ್ಳದ ಗಂಡಸಿಗೆ, ತಲೆ ಪೂರ್ತಿ ನರೆತರೂ, ಹಳ್ಳಿಯ ಸಭೆಯಲ್ಲಿ ಮುಂದಿನ ಸಾಲು ಇಲ್ಲ. ಅರ್ಧ ಗಂಟೆಯಲ್ಲಿ ಔತಣದ ಹೋರಿಗೆ ಹಣ ಆಯಿತು, ವಾದ್ಯದವರಿಗೆ ಆಯಿತು, ಹೆಂಗಸರ ಒಂದೇ ಬಣ್ಣದ ಸೀರೆಯಂಥ ಬಟ್ಟೆಗೂ ಆಯಿತು. ಯಾರು ಏನು ಕೊಡುತ್ತಾರೆಂದು ಸೊಯಿಲಿಹಿ ಒಬ್ಬೊಬ್ಬರ ಮುಖ ನೋಡಿ ಕೇಳುತ್ತಿದ್ದ. ಕೇಳಿಸಿಕೊಂಡವರು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು.

ಆಗ ಹಿಂದಿನಿಂದ ಹಯಿರಿಯಾ ಎದ್ದಳು. ಇದೇ ಹಳ್ಳಿಯವರ ಮಗಳು. ಈಗ ಬಡಾವಣೆಯ ಸಮುದಾಯ ಕೇಂದ್ರದಲ್ಲಿದ್ದಾಳೆ. ಶಾಲೆಗಳಿಗೂ ಕೆಲಸದ ಜಾಗಗಳಿಗೂ ನಡುವೆ ಓಡಾಡಿ ಮಕ್ಕಳಿಗೆ ದಾರಿ ಮಾಡುವುದು ಅವಳ ಉದ್ಯೋಗ.

"ಸೊಯಿಲಿಹಿ ಮಾವಾ, ಮದುವೆ ಆಯ್ತಲ್ಲ, ಒಂದು ಮಾತು. ಇಲ್ಲಿ ಕೂತೋರು ಯಾರ್ಯಾರು ಎಲ್ಲೆಲ್ಲಿ ಕೆಲಸ ಮಾಡ್ತೀರಿ?"

"ಯಾಕೆ, ತೆರಿಗೆಯೋರು ಕಳಿಸಿದ್ರಾ?" ಎಂದರು ಯಾರೋ.

ನಗುತ್ತಲೇ ಒಬ್ಬೊಬ್ಬರಾಗಿ ಹೇಳಿದರು. ದೊಡ್ಡಾಸ್ಪತ್ರೆಯ ಅಡುಗೆಮನೆ. ನ್ಯಾಯಾಲಯದ ನೆಲ ಒರೆಸುವುದು. ಟ್ರಾಮ್ ಡಿಪೋ. ಟಿವಿ ಕಚೇರಿಯ ಬಾಗಿಲು. ಹಡಗುಗಳ ಬಟ್ಟೆ ಒಗೆಯುವ ಕಾರ್ಖಾನೆ.

"ನೋಡಿ," ಎಂದಳು ಹಯಿರಿಯಾ. "ಈ ಊರಿನ ಎಲ್ಲಾ ದೊಡ್ಡ ಕಟ್ಟಡದ ಒಳಗೂ ನೀವಿದೀರಿ. ನಿಮ್ಮ ಮಕ್ಕಳು ಮಾತ್ರ ಹೊರಗೆ ನಿಂತು ಮೇಲ್ ಹಾಕ್ತಾರೆ. ಆ ಮೇಲ್ ಯಾರೂ ಓದಲ್ಲ. ಸ್ತಾಜ್ ಜಾಗನ ಯಾರೂ ಬೋರ್ಡ್ ಹಾಕಿ ಕೊಡಲ್ಲ. ಸೆಪ್ಟೆಂಬರಲ್ಲಿ ಒಳಗಿನೋರು ಬಾಯಲ್ಲಿ ಕೇಳ್ತಾರೆ, ಅಲ್ಲಿಗೆ ಮುಗೀತು. ಕಂಪನಿ ಮಗೂಗೆ ಸಂಬಳ ಕೊಡ್ಬೇಕಿಲ್ಲ. ಕಾಗದಪತ್ರ, ವಿಮೆ ಎಲ್ಲಾ ಶಾಲೇದು. ನೀವು ಒಂದು ಮಾತು ಕೇಳಿ. ಮಿಕ್ಕಿದ್ದು ನಮ್ಮ ಕೇಂದ್ರ ಮಾತಾಡ್ಕೊಳ್ತದೆ."

"ಕೇಳೋದು ಅಂದ್ರೆ ಬೇಡೋದು ಮಗಳೇ," ಎಂದ ಸೊಯಿಲಿಹಿ. "ನಾವು ಇಲ್ಲಿ ತಲೆ ಎತ್ಕೊಂಡು ಬದುಕಿದೋರು."

"ಈಗ ಅರ್ಧ ಗಂಟೆಯಿಂದ ಏನು ಮಾಡ್ತಿದ್ರಿ ಮಾವಾ? ಮದುವೆಗೆ ಕೇಳಿದ್ರೆ ಗೌರವ, ಮಗಳಿಗೆ ಕೇಳಿದ್ರೆ ಭಿಕ್ಷೆನಾ?"

ಹಿರಿಯರೊಬ್ಬರು ಈ ಕಾಲದ ಹೆಣ್ಣುಮಕ್ಕಳ ಬಗ್ಗೆ ಏನೋ ಹೇಳಿ ಟೀ ತರಿಸಿದರು. ಟೀ ಬಂದ ಮೇಲೆ ಎಲ್ಲರೂ ಹೋರಿಯ ವಿಷಯಕ್ಕೆ ಮರಳಿದರು.

ಸೊಯಿಲಿಹಿಗೆ ಆ ಮಾತು ಹಲ್ಲಿನ ಸಂದಿಯ ನಾರಿನಂತೆ ಸಿಕ್ಕಿಕೊಂಡಿತು. ಎರಡು ವಾರ ತಡೆದ. ಸ್ತಾಜಿಗೆ ನಾಲ್ಕೇ ದಿನವಿರುವಾಗ, ದುರಸ್ತಿ ವಿಭಾಗದ ಮುಖ್ಯಸ್ಥ ಗಾರಿಗ್ ಕಾರಿನ ಗಾಜು ಇಳಿಸಿದ ಹೊತ್ತಿಗೆ, ಟೋಪಿ ತೆಗೆದು ಕೇಳಿಯೇಬಿಟ್ಟ.

"ಅಯ್ಯೋ, ಸೊಯಿಲಿಹಿ ಅವರೇ!" ಗಾರಿಗ್‌ಗೆ ನಿಜವಾಗಿಯೂ ಬೇಸರವಾಯಿತು. "ಸೆಪ್ಟೆಂಬರಲ್ಲಿ ಹೇಳಬಾರದಿತ್ತಾ? ಪ್ರತಿ ವರ್ಷ ಆ ಜಾಗಕ್ಕೆ ಮಗು ಹುಡುಕೋದೇ ನಮಗೆ ತಲೆನೋವು. ಕಚೇರೀಲಿ ಎಲ್ಲರನ್ನೂ ಕೇಳಿದ್ದೆ. ಯಾರೂ ಸಿಗದೆ ನಮ್ಮ ನಾದಿನಿ ಮಗನ್ನೇ ಒಪ್ಪಿಸಿದೀನಿ. ಅವನಿಗೂ ಇಷ್ಟ ಇಲ್ಲ ಪಾಪ."

"ಎಲ್ಲರನ್ನೂ ಕೇಳಿದ್ರಾ ಸಾರ್?"

"ಹೂಂ, ಎಲ್ಲರನ್ನೂ." ಗಾರಿಗ್ ಗೇಟಿನ ಪುಟ್ಟ ಕೋಣೆಯ ಕಡೆ ನೋಡಿದ, ಅಲ್ಲೂ ಯಾರೋ ಇದ್ದಾರೆಂದು ಮೊದಲ ಸಲ ಗೊತ್ತಾದವನಂತೆ. "ನಿಮಗೆ ಮಗಳಿದ್ದಾಳೆ ಅಂತಲೇ ನನಗೆ ಗೊತ್ತಿರಲಿಲ್ಲ."

ಸೋಮವಾರ ಬೆಳಿಗ್ಗೆ ಆ ಹುಡುಗ ಆಕಳಿಸುತ್ತಾ ಬಂದ. ಅವನಿಗೆ ಗೇಟು ತೆಗೆದದ್ದು ಸೊಯಿಲಿಹಿಯೇ. ಅದೇ ಹೊತ್ತಿಗೆ ರುಕಿಯಾ ಅಣ್ಣನ ಪಕ್ಕದಲ್ಲಿ ಏಪ್ರನ್ ಕಟ್ಟಿಕೊಳ್ಳುತ್ತಿದ್ದಳು.

ವಾರ ಮುಗಿದ ಮೇಲೆ ಶಾಲೆಯಲ್ಲಿ ಮಕ್ಕಳು ತಾವು ನೋಡಿದ್ದನ್ನು ಎದ್ದುನಿಂತು ಹೇಳಬೇಕು. ಏನು ಕಲಿತೆ ಎಂದು ಮೇಡಂ ಕೇಳಿದರಂತೆ. "ಒದ್ದೆ ಕೋಳಿ ಕಾದ ಎಣ್ಣೆಗೆ ಬಿದ್ದಾಗ ಹಿಂದಕ್ಕೆ ಸರೀಬೇಕು ಅಂತ ಕಲಿತೆ," ಎಂದಳಂತೆ ರುಕಿಯಾ. ತರಗತಿ ಗೊಳ್ಳೆಂದಿತು. ಮನೆಯಲ್ಲೂ ಅವಳು ಅದನ್ನು ತಮಾಷೆಯಾಗಿಯೇ ಹೇಳಿದಳು, ಮತ್ತೆ ಹಡಗಿನ ಮಾತೆತ್ತಲಿಲ್ಲ.

ಮುಂದೆ ಏನು ಓದುತ್ತೀಯೆಂದು ಶಾಲೆ ಕೇಳುವುದು ವಸಂತದಲ್ಲಿ. ಅಡುಗೆ ತರಬೇತಿ ಶಾಲೆ ಎಂದು ರುಕಿಯಾ ಬರೆದು ಬಂದಿದ್ದಳು.

"ಯಾಕಮ್ಮಾ? ಹಡಗು?" ಅಪ್ಪನ ದನಿ ಏರಿತು.

"ಹಡಗಿನೋರು ಯಾರೂ ನಂಗೆ ಗೊತ್ತಿಲ್ಲಪ್ಪಾ. ಕೋಳಿಯೋರು ಗೊತ್ತು."

ಅಡುಗೆ ಕೀಳು ಕೆಲಸವಲ್ಲ. ಅವಳು ಮನಸ್ಸಿಟ್ಟು ಆರಿಸಿದ್ದಾಗಿದ್ದರೆ ಯಾರಿಗೂ ಬೇಸರವಿರುತ್ತಿರಲಿಲ್ಲ.

ಮರುದಿನ ಸೊಯಿಲಿಹಿ ಹಯಿರಿಯಾಳನ್ನು ಹುಡುಕಿಕೊಂಡು ಹೋದ. "ಹೇಳು ತಾಯಿ, ಏನು ಮಾಡ್ಬೇಕು?" ಎಂದ. ತಡವಾಯಿತೆಂದು ಅವಳು ಹೇಳಲಿಲ್ಲ. ಅವನ ಮುಖದಲ್ಲೇ ಅದು ಕಾಣುತ್ತಿತ್ತು.

ಈಗ ಆ ಸಂಘದಲ್ಲಿ ಮದುವೆಗಿಂತ ಮೊದಲು ಮಕ್ಕಳ ವಿಷಯ ಬರುತ್ತದೆ. ಯಾವ ಮಗುವಿಗೆ ಏನು ಆಸೆ, ಯಾವ ಕಟ್ಟಡದಲ್ಲಿ ನಮ್ಮವರು ಯಾರು ಎಂದು ಸೊಯಿಲಿಹಿ ಮುಖ ನೋಡಿಯೇ ಕೇಳುತ್ತಾನೆ. ಸಮುದಾಯ ಕೇಂದ್ರ ಕಂಪನಿಗಳ ಜೊತೆ, ಶಾಲೆ ಕೇಂದ್ರದ ಜೊತೆ ಮಾತಾಡಿಕೊಳ್ಳುತ್ತವೆ. ನೆಲ ಒರೆಸುವವರ ಮಾತಿಗೆ ನ್ಯಾಯಾಲಯದಲ್ಲಿ ಒಂದು ಜಾಗ ಸಿಕ್ಕಿತು, ಅಡುಗೆಯವರ ಮಾತಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಒಂದು. ಟಿವಿ ಕಚೇರಿಯವರು ಆಗುವುದಿಲ್ಲ ಎಂದರು. ಕೇಳಿದ ದಿನವೇ ಗಾರಿಗ್ ಒಪ್ಪಿದ. ಮುಂದಿನ ಡಿಸೆಂಬರಿನಲ್ಲಿ ಆ ಜಾಗಕ್ಕೆ ಹೋದದ್ದು ಪಕ್ಕದ ಬ್ಲಾಕಿನವರ ಹುಡುಗಿ.

ಆ ಹುಡುಗಿ ಹಡಗಿನೊಳಗೆ ಇಳಿದ ಬೆಳಿಗ್ಗೆ ರುಕಿಯಾ ತನ್ನ ಬಿಳಿ ಅಡುಗೆ ಕೋಟಿಗೆ ಇಸ್ತ್ರಿ ಹಾಕಿಕೊಂಡು ಅಡುಗೆ ಶಾಲೆಯ ಬಸ್ಸಿಗೆ ಹೊರಟಳು. ಅಪ್ಪನನ್ನು ಅವಳು ದೂರಲಿಲ್ಲ. ದೂರಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಕಾವಲು ಕಾಯುವವರಿರಬಹುದು, ಕಸ ಗುಡಿಸುವವರಿರಬಹುದು, ಸಾಹೇಬರಿಗೆ ಕಾರು ಓಡಿಸುವವರಿರಬಹುದು. ನಿಮ್ಮ ಮಗುವಿಗೆ ಏನು ಆಸೆಯೆಂದು ಇವತ್ತೇ ಕೇಳಿ. ನಿಮಗೆ ಗೊತ್ತಿರುವ ಜಾಗದಲ್ಲಿ ನಾಳೆ ಬಾಯಿಬಿಟ್ಟು ಕೇಳಿ. ಒಬ್ಬರೇ ಕೇಳಲು ಸಂಕೋಚವಾದರೆ ಸಂಘವಾಗಿ ಕೇಳಿ, ಶಾಲೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಚೇರಿ ನಡೆಸುವ ಸ್ವಾಮಿಗಳೇ, ಎಲ್ಲರನ್ನೂ ಕೇಳಿದೆ ಎನ್ನುವ ಮೊದಲು ಗೇಟಿನವರನ್ನೂ ಕೇಳಿ.

ಕೇಳುವುದಿದ್ದರೆ ಕಾಲಕ್ಕೆ ಸರಿಯಾಗಿ ಕೇಳಿ. ತಡಮಾಡಿ ಕೇಳಿದರೆ ಸಿಗುವುದು ಬರೀ ಅನುಕಂಪ. ಅದು ನಮ್ಮ ಬಡಾವಣೆಗಳಲ್ಲಿ ಈಗಾಗಲೇ ಬೇಕಾದಷ್ಟಿದೆ.