ಲಾಭ, ಎರಡು

ಬೆರಳು ಮತ್ತೆ ಮೇಲೆದ್ದಿತು, ದೋಣಿಗೆ ಜನ ಹತ್ತಿಸುವ ಹಳದಿ ಟೀಶರ್ಟಿನವನ ಬೆರಳು, ಒಬ್ರು, ಯಾರಾದ್ರೂ ಒಬ್ರು, ಒಬ್ರೇ ಇರೋರು ಬನ್ನಿ — ಪಕ್ಕದ ಸಣ್ಣ ಗೇಟಿನಿಂದ ಯಾರೋ ಓಡಿ ಬಂದು ಖಾಲಿ ಸೀಟಿಗೆ ಬಿದ್ದರು, ಕಂಬಿ ಇಳಿಯಿತು, ದೋಣಿ ಹೋಯಿತು, ಹೆಜ್ಜೆ ಇಡಲು ಕಾಲೆತ್ತಿದ್ದ ನಿರಂಜನ್ ಅದನ್ನು ಅಲ್ಲೇ ಇಳಿಸಿದ, ಯಾಕೆಂದರೆ ಅವನಿದ್ದ ಸಾಲು ಕದಲಿರಲಿಲ್ಲ, ಕದಲಿದ್ದು ಒಬ್ಬೊಬ್ಬರೇ ಬಂದವರ ಗೇಟು, ಕದಲಿದ್ದು ಮಣಿಕಟ್ಟಿಗೆ ಹೊಳೆಯುವ ಪಟ್ಟಿ ಕಟ್ಟಿಸಿಕೊಂಡವರ ದಾರಿ, ಅವರಿಗೆ ಸಾಲೇ ಇಲ್ಲ, ನಗುತ್ತ ಬರುತ್ತಾರೆ, ನಗುತ್ತ ಕೂರುತ್ತಾರೆ, ಆ ಪಟ್ಟಿ ನಾವೂ ಕೊಳ್ಳಬೇಕಿತ್ತೇ, ಕೊಳ್ಳಬೇಕಿತ್ತೇನೋ, ಬೆಳಿಗ್ಗೆ ಕೌಂಟರಿನವಳು ಕೇಳಿದಾಗ ಬೇಡ ಮೇಡಂ ಎಂದವನು ತಾನೇ, ತನಗೆಲ್ಲ ಗೊತ್ತಿದೆ ಎಂಬ ಧೈರ್ಯದಲ್ಲಿ — ಏನು ಗೊತ್ತಿತ್ತು, ಮೊಬೈಲಿನಲ್ಲಿ ನೋಡಿದ ಒಂದು ವಿಡಿಯೋ, ಇಂಥ ಆಟದ ಪಾರ್ಕಿನ ಸಾಲುಗಳಲ್ಲಿ ಸಮಯ ಉಳಿಸುವುದು ಹೇಗೆ ಎಂದು ಯಾರೋ ಹೇಳಿದ್ದು, ಅದನ್ನು ಅವನು ಸಂಜೆ ಕಾಲೇಜಿನ ನೋಟ್ಸಿನ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದ, ಮೊದಲು ದೂರದ ಆಟಕ್ಕೆ ಹೋಗಿ, ಎಲ್ಲರೂ ಊಟಕ್ಕೆ ಕೂತಾಗ ನೀವು ಕೂರಬೇಡಿ, ದೊಡ್ಡ ಆಟವನ್ನು ಕೊನೆಗಿಡಿ, ಸಂಜೆ ಹೊತ್ತಿಗೆ ಸಾಲು ಕರಗುತ್ತದೆ — ಎಲ್ಲಿ ಕರಗಿತು, ಹಿಂದೆ ತಿರುಗಿ ನೋಡಿದರೆ ಬೇಲಿ ದಾಟಿ ಐಸ್‌ಕ್ರೀಂ ಗಾಡಿಯ ತನಕ ತಲೆಗಳೇ, ಮೈಸೂರಿನವರೆಲ್ಲ ಇದೇ ವಿಡಿಯೋ ನೋಡಿ ಬಂದ ಹಾಗಿದೆ, ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆದು ಮುಗಿಸಿ ಬಸ್‌ಸ್ಟ್ಯಾಂಡಿನ ಮುಂದೆ ಓಡಿ ಸಂಜೆ ತರಗತಿಗೆ ತಲುಪುತ್ತಿದ್ದ ದಿನಗಳಿಂದಲೂ ಅವನಿಗೆ ಇದೊಂದೇ ಗೊತ್ತು, ಉಳಿಸುವುದು, ಹೊತ್ತು ಉಳಿಸುವುದು, ಉಳಿಸಿದ್ದನ್ನು ಎಲ್ಲಿಟ್ಟೆ ಎಂದು ಯಾರಾದರೂ ಕೇಳಿದರೆ ಏನು ತೋರಿಸುತ್ತಾನೆ. ಹೆಂಡತಿ ಅಂಜನಾ ಕೇಳುತ್ತಾಳೆ, ಇವತ್ತು ಮನೆ ಸೇರಿದ ಕೂಡಲೇ ಕೇಳುತ್ತಾಳೆ, ಅವಳು ಈಗ ಕೊಳ್ಳೇಗಾಲದ ಮನೆಯ ನಡುಮನೆಯಲ್ಲಿ ಮಗಳ ಟ್ರಂಕು ತುಂಬುತ್ತಿರುತ್ತಾಳೆ, ಟವೆಲ್ಲಿಗೆ, ಲಂಗಕ್ಕೆ, ತಟ್ಟೆಗೂ ಕೂಡ ಶಿವರಂಜನಿ ಎಂದು ಹೆಸರು ಹಾಕಿ, ನಾಳೆ ಯಳಂದೂರಿನ ವಸತಿ ಶಾಲೆಗೆ ಬಿಟ್ಟು ಬರಬೇಕು, ಆಮೇಲೆ ಭಾನುವಾರದ ಫೋನು ಮಾತ್ರ, ನೀವೇ ಕರಕೊಂಡು ಹೋಗಿ, ನಾನು ಟ್ರಂಕು ನೋಡ್ಕೋತೀನಿ, ಅವಳ ಜೊತೆ ಒಂದು ದಿನ ಇರಿ ಅಷ್ಟೇ, ಆಟಗೀಟ ಎಷ್ಟಾದರೂ ಆಗಲಿ ಎಂದಿದ್ದಳು, ಅಷ್ಟೇ ಎಂದಿದ್ದಳು.

ಇರಲಿಲ್ಲ, ಎಲ್ಲಿ ಇದ್ದ, ಬೆಳಿಗ್ಗೆ ಟೆಂಪೋದಲ್ಲಿ ಮಗಳು ತೊಡೆಗೆ ಒರಗಿ ಕೇಳಿದ್ದು ಒಂದೇ, ಅಪ್ಪ ಆ ಬೀಳೋ ದೋಣೀಲಿ ನೀನು ನನ್ ಪಕ್ಕ ಕೂತ್ಕೊ, ನಾನು ಕಣ್ ಮುಚ್ಚಲ್ಲ, ನೀನ್ ಮುಚ್ತೀಯ ನೋಡು — ಕೂರ್ತೀನಿ ಕಣೇ, ಅದು ಕೊನೆಗೆ, ಮೊದಲು ಬೇರೆದೆಲ್ಲ ಮುಗಿಸೋಣ ಎಂದ, ಮುಗಿಸೋಣ, ತಾನು ಲೆಕ್ಕ ಬರೆಯುವ ನೇಕಾರರ ಸೊಸೈಟಿಯ ಕೆಲಸವೇನೋ ಎಂಬಂತೆ. ಮೊದಲ ಆಟದ ಬಾಗಿಲಲ್ಲೇ ಎಲ್ಲ ಕೆಟ್ಟಿತು, ತಿರುಗುವ ತೊಟ್ಟಿಲು, ಸಾಲಿನ ತುದಿಯಲ್ಲಿದ್ದವನು ಎಷ್ಟು ಜನಮ್ಮ ಎಂದು ಕೇಳಿದ, ಶಿವರಂಜನಿ ತನ್ನ ಎದೆ ಮುಟ್ಟಿಕೊಂಡಳು, ಜೊತೆಗೆ ಬಂದಿದ್ದ ಅಜ್ಜಿಯನ್ನು ಮುಟ್ಟಿದಳು, ಅಪ್ಪನನ್ನು ಮುಟ್ಟಿದಳು, ಲಾಭ, ಎರಡು, ಮೂರು — ಲಾಭ ಅಂದ್ರೆ ಯಾರಮ್ಮ, ಆಧಾರ್ ಕಾರ್ಡು ಐತಾ ಅವರ್ದು — ಹಿಂದಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು, ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಆಮೇಲೆ ತಿಳಿದು ಅಜ್ಜಿಯ ಸೆರಗಿನ ಹಿಂದೆ ಸರಿದಳು, ಅಷ್ಟರಲ್ಲಿ ತೊಟ್ಟಿಲು ತುಂಬಿ ಬಾಗಿಲು ಹಾಕಿತ್ತು. ಅವ್ವನ ಪಾಠ ಅದು, ಮಹದೇವಮ್ಮ ಡಬ್ಬದಿಂದ ರಾಗಿ ಅಳೆದು ಹಾಕುವಾಗ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು, ಮೊದಲ ಸೇರಿಗೆ ಒಂದು ಅನ್ನಬಾರದು, ಲಾಭ ಅನ್ನಬೇಕು, ಮಗ್ಗದಿಂದ ಇಳಿದ ಸೀರೆಗೂ ಹಾಗೇ, ಲಾಭ, ಎರಡು, ಮೂರು, ನಿರಂಜನನೂ ಹಾಗೆಯೇ ಎಣಿಸಿ ಬೆಳೆದವನು, ಅಂಗಡಿಯಲ್ಲಿ ಮೊದಲ ದಿನ ಹಾಗೆ ಎಣಿಸಿ ನಗೆಗೀಡಾದವನು, ಆ ನಗು ನೆನಪಾಗಿಯೇ ಇರಬೇಕು ಅಷ್ಟು ಸಿಟ್ಟು ಬಂದದ್ದು — ಒಂದು ಅನ್ನು, ಯಾರಾದರೂ ಕೇಳಿದರೆ ಒಂದು ಅಂತ ಬೆರಳೆತ್ತು, ಎತ್ತು ನೋಡೋಣ, ಮೇಲಕ್ಕೆ, ಅವನಿಗೆ ಕಾಣೋ ಹಾಗೆ — ಮಗೀಗೆ ಅಂಗನ್ನಿಸ್ಬ್ಯಾಡ ಕಣಪ್ಪ, ಒಂದು ಅಂದ್ರೆ ಒಂಟಿಯಾಯ್ತದೆ — ಅವ್ವ, ಇದೇನು ರಾಗಿ ರಾಶಿನಾ, ಸುಮ್ನಿರು. ಬೆರಳೆತ್ತಿದಳು ಮಗಳು, ಸಣ್ಣ ಬೆರಳು, ಉಗುರಿನ ಮೇಲೆ ಅರ್ಧ ಅಳಿಸಿದ ಮದರಂಗಿ. ಎತ್ತಿದ್ದೇ ತಡ ಎಲ್ಲ ಗೇಟೂ ತೆರೆಯಿತು, ಎಲ್ಲ ಆಟದಲ್ಲೂ ಒಂದೊಂದು ಸೀಟು ಖಾಲಿ ಉಳಿಯುತ್ತಿತ್ತು, ವಿಡಿಯೋದವನು ಹೇಳಿದ್ದರಲ್ಲಿ ಇದೊಂದು ಮಾತ್ರ ನಿಜ, ಒಬ್ಬೊಬ್ಬರೇ ಆದರೆ ಸಾಲೇ ಬೇಡ, ಹೋಗು ಓಡು, ಒಬ್ಳೇ ಅನ್ನು, ಅವಳು ಓಡಿದಳು, ಯಾರದೋ ಚಿಕ್ಕಮ್ಮನ ಪಕ್ಕ, ಯಾರದೋ ಅಣ್ಣನ ಪಕ್ಕ, ಕಾರು, ಕುದುರೆ, ತಟ್ಟೆ, ಹಾವು, ಅವನು ಕೆಳಗೆ ಅವಳ ಚಪ್ಪಲಿ ಹಿಡಿದು ನಿಂತು ಮುಂದಿನ ಆಟದ ಸಾಲು ಎಷ್ಟಿದೆ ಎಂದು ಇಣುಕುತ್ತಿದ್ದ, ಹೆಮ್ಮೆಪಟ್ಟ ಕೂಡ, ಇಳಿದು ಬಂದವಳು ಉಸಿರುಬಿಡುತ್ತ ಅಪ್ಪ ಅದು ಮೇಲಕ್ಕೆ ಹೋದಾಗ ಇದೆಯಲ್ಲ ಎಂದರೆ ನಡಿ ನಡಿ ಆಮೇಲೆ ಹೇಳು ಎಂದ, ಮತ್ತೆ ಅಪ್ಪ ಆ ಆಂಟಿ ಏನಂದ್ರು ಗೊತ್ತಾ ಎಂದಾಗಲೂ ನಡಿ ನಡಿ, ಮಧ್ಯಾಹ್ನದ ಮೇಲೆ ಅವಳದು ಇಷ್ಟೇ, ಇಳಿಯುವುದು, ಚಪ್ಪಲಿ ಹಾಕಿಕೊಳ್ಳುವುದು, ಮುಂದೆ ಯಾವ್ದಪ್ಪ ಎನ್ನುವುದು.

ಏನ್ ಸಾ, ಜಾಗ ಬುಟ್ಕಂಡು ನಿಂತಿದ್ದೀರಿ, ಮುಂದಕ್ಕೋಗಿ — ಹಿಂದಿನಿಂದ ಬೆನ್ನು ತಟ್ಟಿದ್ದು ಹನೂರಿನ ಬಸವಯ್ಯ ಎಂಬಾತ, ಹೆಗಲ ಮೇಲೆ ನಿದ್ದೆ ಹೋದ ಮೊಮ್ಮಗು, ನಿಂತು ನಿಂತು ಪರಿಚಯವಾದ ಮನುಷ್ಯ, ಸಾಲು ನಿಜವಾಗಿಯೂ ಕದಲಿತ್ತು, ನಿರಂಜನ್ ನಾಲ್ಕು ಹೆಜ್ಜೆ ಓಡಿ ನಿಂತ — ನಮ್ ಬೆಟ್ಟದ ದೇವ್ರ ದರ್ಶನಕ್ಕೂ ಇಂಗೇ ಅಲ್ವರಾ, ದುಡ್ ಕೊಟ್ಟೋರ್ಗೊಂದು ದಾರಿ, ನಮಗೊಂದು, ಆದ್ರೂ ಅಲ್ಲಿ ಕೊನೇಗೊಂದು ಲಾಡಾದ್ರೂ ಕೊಡ್ತಾರೆ ಕಣ್ರಿ, ಇಲ್ಲಿ ಮೈಮೇಲೆ ನೀರ್ ಹುಯ್ದು ಕಳಿಸ್ತಾರೆ — ನಗಬೇಕಿತ್ತು, ನಗಲಾಗಲಿಲ್ಲ, ಸಾಲಿನ ಕೊನೆಯ ತಿರುವು ಬಂದೇಬಿಟ್ಟಿತ್ತು, ಅವ್ವನೂ ಮಗಳೂ ಬಂದಿರಲಿಲ್ಲ. ಅವರನ್ನು ಕೊನೆಯದೊಂದು ಉಯ್ಯಾಲೆಗೆ ಕಳಿಸಿ ತಾನಿಲ್ಲಿ ಜಾಗ ಹಿಡಿದಿದ್ದ, ಅದೂ ಹೊತ್ತು ಉಳಿಸಲೆಂದೇ, ರೇಷನ್ ಡಿಪೋದಲ್ಲಿ ಚೀಲ ಇಟ್ಟು ಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಚೀಲದ ಜಾಗ ಚೀಲದ್ದೇ, ಯಾರೂ ತಕರಾರು ಮಾಡುವುದಿಲ್ಲ, ಇಲ್ಲಿ ಚೀಲದ ಬದಲು ತಾನು — ಫೋನು, ಅವ್ವ ಎಲ್ಲಿದ್ದೀ, ಬೇಗ ಬನ್ನಿ — ಬತ್ತಾ ಇದ್ದೀವಿ ಕಣಪ್ಪ, ಕಾಲು ಬರಬ್ಯಾಡ್ವಾ — ಇನ್ನೊಂದು ಫೋನು, ಟೆಂಪೋ ಡ್ರೈವರ್ ಚೌಡೇಶನದು, ಅಣ್ಣ ಎಲ್ರೂ ಅತ್ಕಂಡವ್ರೆ, ನಿಮ್ಮ ಮೂರು ಸೀಟೇ ಬಾಕಿ, ಇನ್ನ ತಡ ಆದ್ರೆ ತೆಗೆದ್ಬುಡ್ತೀನಿ ನೋಡಿ — ಬಂದೆ ಚೌಡೇಶ, ಇದೊಂದು ದೋಣಿ — ಆಗ ಕಂಡರು ಇಬ್ಬರೂ, ಬೇಲಿಯಾಚೆ, ಅವಳ ನೀಲಿ ಫ್ರಾಕು, ಅವ್ವನ ಕೈಚೀಲ, ಬಾ ಬಾ ಎಂದು ಕೈ ಬೀಸಿದ, ಬಾಗಿಲ ಸೆಕ್ಯೂರಿಟಿ ಅಡ್ಡ ನಿಂತ, ಮಧ್ಯ ಸೇರೋ ಹಾಗಿಲ್ಲ ಅಜ್ಜಿ, ಹಿಂದೆ ಹೋಗಿ, ಹಿಂದೇನೂ ಸೇರೋ ಹಾಗಿಲ್ಲ ಈಗ, ಸಾಲಿಗೆ ಚೈನು ಹಾಕ್ಬಿಟ್ರು — ಸಾರ್ ಅವಳು ನನ್ನ ಮಗಳು, ನಾನು ಜಾಗ ಹಿಡಿದಿದ್ದೆ — ಜಾಗ ಹಿಡಿಯೋಕೆ ಇದೇನ್ ಬಸ್ಸಾ ಎಂದು ಹಿಂದೆ ಯಾವಳೋ ರೇಗಿದಳು, ನಮ್ ಮಕ್ಳು ನಿಂತಿಲ್ವಾ ಬಿಸಿಲಲ್ಲಿ — ಮಗು ಅಲ್ವಾ ಬುಡ್ರವ್ವ ಎಂದ ಬಸವಯ್ಯ, ನೀವ್ ಸುಮ್ನಿರಿ ಯಜಮಾನ್ರೇ ಎಂದು ಇನ್ನೊಬ್ಬ, ನಿರಂಜನ್ ಕಂಬಿಯಡಿ ನುಸುಳಿ ಅವಳ ಕಡೆ ಹೋಗಿಬಿಡಬೇಕು, ದೋಣಿ ಹಾಳಾಗಲಿ, ಬೇಲಿಯಾಚೆ ನಿಂತು ಆಂಟಿ ಏನಂದ್ರು ಕಣೇ ಎಂದು ಕೇಳಬೇಕು, ಹೋದರೆ ದೋಣಿ ಹೋಯಿತು, ಇಡೀ ದಿನದಲ್ಲಿ ಅವಳು ಕೇಳಿದ್ದು ಅದೊಂದೇ, ಹೋಗದಿದ್ದರೆ ಅವಳಿಲ್ಲದೆ ದೋಣಿಯಲ್ಲಿ ಏನು ಮಾಡುತ್ತಾನೆ, ಬಗ್ಗಿದ, ಎದ್ದ, ಸೆಕ್ಯೂರಿಟಿಗೆ ಇನ್ನೊಮ್ಮೆ ಹೇಳಿ ನೋಡೋಣವೇ, ಎಂದೂ ಒಂದನ್ನು ಗಟ್ಟಿಯಾಗಿ ಹಿಡಿಯಲು ಬರದ ಮನುಷ್ಯ, ಅವ್ವನ ಪಕ್ಕ ಈಗ ನೀಲಿ ಫ್ರಾಕು ಇಲ್ಲ, ಎಲ್ಲಿ, ಎಲ್ಲಿ ಹೋದಳು —

ಒಬ್ರು, ಯಾರಾದ್ರೂ ಒಬ್ರು — ಸಣ್ಣ ಗೇಟಿನ ಹತ್ತಿರ ಬೆರಳು ಎದ್ದಿತ್ತು, ನೆಟ್ಟಗೆ, ಅವನು ಕಲಿಸಿದ ಹಾಗೆ, ಮೇಲಕ್ಕೆ, ಕಾಣೋ ಹಾಗೆ, ಒಬ್ಳೇನಾಮ್ಮ, ಜೊತೆಗ್ಯಾರೂ ಇಲ್ವಾ — ಒಂದು ಸಾರ್, ನಾನೊಬ್ಳೇ — ಇಲ್ಲ, ಇಬ್ಬರು, ಎರಡು ಅನ್ನು ಶಿವರಂಜನಿ, ಲಾಭ ಅನ್ನು, ಅವನು ಅಂದದ್ದು ನೀರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು, ಗೇಟು ತೆರೆಯಿತು, ಅವಳು ಯಾರೋ ಕನ್ನಡಕದವರ ಪಕ್ಕ ಕೂತಳು, ಕಂಬಿ ಇಬ್ಬರ ತೊಡೆಯ ಮೇಲೂ ಇಳಿಯಿತು, ದೋಣಿ ಜಾರುವ ಮೊದಲು ಅವಳು ತಿರುಗಿ ಸಾಲಿನಲ್ಲಿ ಅಪ್ಪನನ್ನು ಹುಡುಕಿದಳು, ಸಿಕ್ಕಿದ, ಮುಖ ಅರಳಿತು, ಸರಿಯಾಗಿ ಮಾಡಿದೆ ಅಲ್ವಾಪ್ಪ, ಹೊತ್ತು ಉಳಿಯಿತು ಅಲ್ವಾ ಎಂದು ಕೇಳುವಂತೆ, ಅವನಿಗೆ ಮತ್ತೊಮ್ಮೆ ತೋರಿಸಿದಳು, ಬೆರಳು, ದೋಣಿ ಮೇಲೇರುತ್ತಿದೆ, ಬೆರಳು, ಮದರಂಗಿ ಅಳಿಸಿದ ಉಗುರು, ಮೇಲೆ, ಇನ್ನೂ ಮೇಲೆ, ಬೆರಳು, ಒಂದು.