ಬೋಳುತಲೆಯ ಪಾರ್ಲಿಮೆಂಟು

ಚಳ್ಳಕೆರೆಯ ಕಾಲೇಜಿನೆದುರಿನ ಕ್ಷೌರದಂಗಡಿಯಲ್ಲಿ ಅಂದು ಹಾಸ್ಟೆಲ್ ಹುಡುಗರ ಸಾಲು. ಇತಿಹಾಸದ ಮೇಷ್ಟ್ರು ಏಕಾಂತಪ್ಪ ಬೆಂಚಿನ ಮೇಲೆ ಕೂತು, ಒಂದೊಂದು ತಲೆ ಬೋಳಾದಾಗಲೂ ತೃಪ್ತಿಯಿಂದ ಗೋಣು ಹಾಕುತ್ತಿದ್ದರು. ಮುಂದಿನ ವಾರದ ವಾರ್ಷಿಕೋತ್ಸವಕ್ಕೆ ಅವರೇ ಬರೆದ ನಾಟಕ: ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಯುದ್ಧ, ಕೊನೆಗೆ ರಾಜನ ತಲೆದಂಡ. ಪಾರ್ಲಿಮೆಂಟಿನ ಪರ ನಿಂತ ಪ್ಯೂರಿಟನ್ ಪಂಥದವರನ್ನು ರಾಜನ ಕಡೆಯವರು ‘ದುಂಡುತಲೆಯವರು’ ಎಂದು ಹಂಗಿಸುತ್ತಿದ್ದರೆಂದು ಮೇಷ್ಟ್ರು ಓದಿದ್ದರು. ಆ ಪಂಥದವರು ಕೂದಲು ಗಿಡ್ಡ ಮಾಡಿಸುತ್ತಿದ್ದರಷ್ಟೇ ಎಂಬ ಮುಂದಿನ ಸಾಲಿನವರೆಗೆ ಹೋಗುವ ತಾಳ್ಮೆ ಮೇಷ್ಟ್ರಿಗೆ ಇರಲಿಲ್ಲ. ಓದುವ ಕಷ್ಟವನ್ನು ಅವರು ಸದಾ ವಿದ್ಯಾರ್ಥಿಗಳಿಗೇ ಬಿಟ್ಟವರು.

ರಾಜನ ಕಡೆಯವರಿಗೆ ಮಾತ್ರ ಕತ್ತರಿ ಸೋಕಲಿಲ್ಲ. ಎಣ್ಣೆ ಮಿಲ್ಲಿನ ಓಂಕಾರಮೂರ್ತಿಯವರ ಮಗ ಸಿದ್ದಲಿಂಗೇಶನೇ ರಾಜ. ಅವನಿಗೆ ಬಾಡಿಗೆಯ ಗುಂಗುರುಗೂದಲಿನ ಟೋಪನ್, ಹೊದೆಯಲು ತಾಯಿಯ ಮೊಳಕಾಲ್ಮೂರು ರೇಷ್ಮೆ ಸೀರೆ.

ಪಾರ್ಲಿಮೆಂಟಿನ ನಾಯಕನಾಗಬೇಕಿದ್ದ ವೀರೇಶ ಕುರ್ಚಿಯಲ್ಲಿ ಕೂತವನು ಹಿಂಜರಿದ.

“ಸಾ, ನಮ್ಮಪ್ಪ ಇನ್ನೂ ಅದಾನೆ. ದೇವರ ಹರಕೆ ಇಲ್ದೆ, ಅಪ್ಪ ಇರುವಾಗ ತಲೆ ಬೋಳಿಸಂಗಿಲ್ಲ ನಮ್ಮಲ್ಲಿ.”

“ಇತಿಹಾಸ ಅಂದ್ರೆ ಇತಿಹಾಸ ಕಣಯ್ಯ. ಒಂಚೂರೂ ಆಚೀಚೆ ಆಗಬಾರದು. ರಾಜನಿಗೇ ಶಿಕ್ಷೆ ಹೇಳೋ ಪಾತ್ರ ನಿಂದು. ಬೇಡ್ವಾ?”

ಬೇಕಾಗಿತ್ತು. ವೀರೇಶ ಕಣ್ಣು ಮುಚ್ಚಿ ತಲೆ ಕೊಟ್ಟ.

ಭಾನುವಾರ ರೊಟ್ಟಿ ಗಂಟು ಹಿಡಿದು ಹಾಸ್ಟೆಲಿಗೆ ಬಂದ ಅವನ ಅಪ್ಪ, ಕುರಿ ಕಾಯುವ ದೊಡ್ಡಪಾಲಯ್ಯ, ಬಾಗಿಲಲ್ಲೇ ನಿಂತುಬಿಟ್ಟ.

“ನಾನು ಬದುಕಿರೋದು ಬ್ಯಾಡ್ವೇನ್ಲಾ ನಿಂಗೆ?”

ಗಂಟು ಅಲ್ಲೇ ಇಟ್ಟು, ಒಂದು ಗುಟುಕು ನೀರೂ ಕುಡಿಯದೆ ಪರಶುರಾಂಪುರದ ಬಸ್ಸು ಹತ್ತಿದ.

ನಾಟಕದ ಹಿಂದಿನ ದಿನ ಓಂಕಾರಮೂರ್ತಿ ತಾಲೀಮು ನೋಡಲು ಬಂದರು. ಶಾಮಿಯಾನ, ಊಟ ಎಲ್ಲ ಅವರದೇ. ಮಗ ವೀರೇಶನೆದುರು ಮಂಡಿಯೂರಿ ಕತ್ತು ಒಡ್ಡಿದ್ದು ಕಂಡು ಅವರ ಮುಖ ಕೆಂಪಾಯಿತು.

“ಏನ್ರೀ ಮೇಷ್ಟ್ರೇ, ನನ್ನ ಮಗ ಕುರಿಯೋನ ಮಗನ ಮುಂದೆ ಮಂಡಿ ಊರ್ಬೇಕಾ? ಊರೆಲ್ಲ ನೋಡ್ತಿರ್ತದೆ!”

“ಬರೀ ನಾಟಕ ಅಲ್ವಾ ಯಜಮಾನ್ರೇ...”

“ನಾಟಕ ಅಂದ್ಮೇಲೆ ರಾಜನೇ ಗೆಲ್ಲಲಿ. ನಿಮ್ಮ ಗಂಟೇನು ಹೋಗ್ತದೆ?”

ತರಗತಿಯಲ್ಲಿ ಮುನ್ನೂರೈವತ್ತು ವರ್ಷ ಹಿಂದಿನ ರಾಜನನ್ನು ಧೈರ್ಯವಾಗಿ ಬೈಯುತ್ತಿದ್ದ ಮೇಷ್ಟ್ರು, ಮಿಲ್ಲಿನ ಯಜಮಾನರೆದುರು ಹಲ್ಲು ಗಿಂಜಿದರು. ಅಲ್ಲೇ ಕೂತು ಕೊನೆಯ ದೃಶ್ಯ ತಿದ್ದಿದರು. ಈಗ ನಾಯಕ ರಾಜನ ಕಾಲಿಗೆ ಬೀಳುತ್ತಾನೆ, ರಾಜ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಾನೆ.

ಹೊಸ ಹಾಳೆ ಓದಿದ ವೀರೇಶ ತನ್ನ ತಲೆ ಮುಟ್ಟಿ ನೋಡಿಕೊಂಡ.

“ಕೂದಲು ತೆಗೆಸೋವಾಗ ಇತಿಹಾಸ ಬೇಕಾಗಿತ್ತಲ್ಲ ಸಾ. ಈಗ ಬ್ಯಾಡ್ವಾ?”

“ಅಧಿಕಪ್ರಸಂಗ ಮಾಡಬೇಡ” ಎಂದರು ಮೇಷ್ಟ್ರು, ಅವನ ಮುಖ ನೋಡದೆ.

ಮರುದಿನ ಸಂಜೆ ಓಂಕಾರಮೂರ್ತಿ ಹಾರ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಏಕಾಂತಪ್ಪ ಪಕ್ಕದ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುತ್ತಿದ್ದರು. ಕೊನೆಯ ದೃಶ್ಯ ಬಂತು. ವೀರೇಶ ರಾಜನ ಕಾಲಿಗೆ ಅರ್ಧ ಬಾಗಿ ಹಾಗೇ ನಿಂತ. ಮುಂದಿನ ಮಾತಿಗಾಗಿ ಪರದೆಯ ಕಡೆ ನೋಡಿದ.

ದೀಪದ ಬೆಳಕಿನಲ್ಲಿ ಆ ಬೋಳುತಲೆಯ ಮೇಲಿನ ಕ್ಷೌರದ ಕತ್ತಿಯ ಗಾಯ ಮೇಷ್ಟ್ರಿಗೆ ಕಂಡಿತು. ಜನರ ಹಿಂದೆ, ಕಂಬಕ್ಕೊರಗಿ ನಿಂತ ದೊಡ್ಡಪಾಲಯ್ಯನೂ ಕಂಡ. ಸಿಟ್ಟು ಮಾಡಿಕೊಂಡು ಹೋದವನು ಮಗನ ನಾಟಕ ನೋಡಲು ಬಂದಿದ್ದ. ‘ಕ್ಷಮಿಸಿ ಪ್ರಭು’ ಎಂದು ಬರೆದ ಹಾಳೆ ಮೇಷ್ಟ್ರ ಕೈಯಲ್ಲಿತ್ತು. ಅದನ್ನು ಬರೆದ ತಮ್ಮ ಕೈಯ ಬಗ್ಗೆಯೇ ಅವರಿಗೆ ಹೇಸಿಗೆಯಾಯಿತು. ಹಾಳೆ ಮಡಚಿ ಜೇಬಿಗಿಟ್ಟು, ಹಳೆಯ ಮಾತನ್ನೇ ಎತ್ತಿಕೊಟ್ಟರು. ಮುಂದಿನ ಸಾಲಿಗೂ ಕೇಳಿಸುವಷ್ಟು ಗಟ್ಟಿಯಾಗಿ.

“ನೆಲದ ಕಾನೂನಿಗಿಂತ ಯಾವ ಕತ್ತೂ ದಪ್ಪ ಅಲ್ಲ!”

ವೀರೇಶ ನೆಟ್ಟಗಾದ. ಅದೇ ಮಾತು ಶಾಮಿಯಾನದ ತುಂಬ ಮೊಳಗಿತು. ಸಿದ್ದಲಿಂಗೇಶ ಅಪ್ಪನ ಕಡೆ ನೋಡಿದ. ಆದರೆ ತಿಂಗಳಿಡೀ ಕಲಿತದ್ದು ಕಾಲಿಗೆ ಮರೆತಿರಲಿಲ್ಲ, ಮಂಡಿಯೂರಿದ. ಓಂಕಾರಮೂರ್ತಿ ಹಾರ ಕಿತ್ತು ಕುರ್ಚಿಯ ಮೇಲೆ ಬಿಸಾಕಿ ಎದ್ದು ಹೋದರು. ಅವರ ಹಿಂದೆಯೇ ಊಟದ ವ್ಯಾನೂ ಹೋಯಿತು.

ನಾಟಕ ಮುಗಿದ ಮೇಲೆ ದೊಡ್ಡಪಾಲಯ್ಯ ವೇದಿಕೆಯ ಹಿಂದೆ ಬಂದು, ತನ್ನ ಟವೆಲ್ಲನ್ನು ಮಗನ ತಲೆಗೆ ಸುತ್ತಿದ. ಆಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರ ಕಡೆ ತಿರುಗಿದ.

“ಮಾತು ಚೆಂದಾಗಿತ್ತು ಸಾ. ಆದ್ರೂ ನಾನಿರುವಾಗ ನನ್ನ ಮಗನ ತಲೆ ಬೋಳಿಸಿದ್ದು ತಪ್ಪು.”

ಏಕಾಂತಪ್ಪ ಎದ್ದು ನಿಂತರು.

“ಹೌದು ಯಜಮಾನ್ರೇ, ತಪ್ಪೇ.”