ಬೇರೆ ಬಟ್ಟಲಿನ ಚಿಪ್ಪು

ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನವಾದರೆ ಎಲ್ಲವೂ ನಿಧಾನವಾಗುತ್ತಿತ್ತು. ಕೋಚ್ ಫ್ಯಾಕ್ಟರಿಗೆ ಹೋದ ಭೋಜರಾಜ ಬರುವುದು ಸಂಜೆಗೆ. ಅವನ ಹೆಂಡತಿ ಅಂಬುಜಾ ಊಟ ಮುಗಿಸಿ ಫ್ಯಾನಿನ ಕೆಳಗೆ ಅಡ್ಡಾಗುತ್ತಿದ್ದಳು. ಆಗ ಅವಳ ಅತ್ತೆ ಲೀಲಮ್ಮ ಹಿತ್ತಲ ಬಾಗಿಲು ತೆಗೆದು, ನುಗ್ಗೆಮರದ ನೆರಳಿನಲ್ಲಿ ಕಾಲು ಚಾಚಿ ಕೂರುತ್ತಿದ್ದರು.

ಕೂತ ಕೂಡಲೇ ಕೋಳಿಗಳು ಸುತ್ತ ಬಂದು ಸೇರುತ್ತಿದ್ದವು. ಮೊಟ್ಟೆಯಿಡುವವು ಮೂರು, ಒಂದು ಮುದಿ ಹುಂಜ, ಇನ್ನೂ ಮೊಟ್ಟೆಗೆ ಬಾರದ ಕೆಲವು ಎಳೆಯ ಹ್ಯಾಟೆಗಳು. ಅವುಗಳ ಗುಣುಗುಣು ಕೇಳುತ್ತ ಲೀಲಮ್ಮನಿಗೆ ಕಣ್ಣು ಎಳೆಯುತ್ತಿತ್ತು. ಎಲ್ಲೋ ಶಂಟಿಂಗ್ ಆಗುತ್ತಿದ್ದ ಬೋಗಿಗಳ ಸದ್ದು ಆ ಅರೆನಿದ್ದೆಯೊಳಗೆ ಬಂದು, ದೂರದ ಗುಡುಗಾಗಿ ಕರಗಿಹೋಗುತ್ತಿತ್ತು. ಮಂಡ್ಯದಿಂದ ಮಗನ ಮನೆಗೆ ಬಂದ ಮೇಲೆ ಅವರಿಗೆ ತಮಿಳು ಹತ್ತಿರಲಿಲ್ಲ. ಕೋಳಿಗಳ ಹತ್ತಿರ ಮಾತ್ರ ಭಾಷೆಯ ತೊಡಕಿರಲಿಲ್ಲ.

ಒಂದು ದಿನ ಬಿಳಿ ಕೋಳಿ ಎದ್ದ ಜಾಗದಲ್ಲಿ ಲೀಲಮ್ಮ ಕೈಯಾಡಿಸಿದರೆ ಮೊಟ್ಟೆ ಮೆತ್ತಗೆ ಸಿಕ್ಕಿತು. ಚಿಪ್ಪೇ ಇಲ್ಲ. ಬೆಚ್ಚಗಿನ ತೆಳುವಾದ ಪೊರೆ, ಅದರೊಳಗೆ ತೇಲುವ ಹಳದಿ ಲೋಳೆ. ಒಡೆದೀತೆಂಬ ಭಯಕ್ಕೆ ಉಸಿರು ಬಿಗಿಹಿಡಿದು ಸೊಸೆಯ ಬಳಿಗೆ ತಂದರು.

"ಅಯ್ಯೋ, ತೋಲ್ ಮುಟ್ಟೈ ಅತ್ತೆ ಇದು, ತೊಗಲು ಮೊಟ್ಟೆ," ಎಂದಳು ಅಂಬುಜಾ. ಅವಳು ಹುಟ್ಟಿ ಬೆಳೆದದ್ದೇ ಪೆರಂಬೂರಿನಲ್ಲಿ. "ಕ್ಯಾಲ್ಸಿಯಂ ಸಾಲದಿದ್ರೆ ಹೀಗೇ ಇಡತ್ತೆ. ನಿಮಗೆ ಡಾಕ್ಟರ್ ಕೊಟ್ಟಿದಾರಲ್ಲ ಮಾತ್ರೆ, ಅದೇ ಕ್ಯಾಲ್ಸಿಯಂ."

ಅಷ್ಟು ಹೇಳಿ ಅಂಬುಜಾ ಮರೆತಳು. ಲೀಲಮ್ಮ ಮರೆಯಲಿಲ್ಲ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟಿನ ಮೂಳೆ ಮುರಿದಾಗಿನಿಂದ ಅವರು ದಿನವೂ ಆ ಮಾತ್ರೆ ನುಂಗುತ್ತಿದ್ದರು. ಮೆತ್ತನೆಯ ಮೊಟ್ಟೆ ಸಿಕ್ಕ ದಿನದಿಂದ ಮಾತ್ರೆ ಬಾಯಿಗೆ ಹೋಗದೆ ಸೆರಗಿನ ಗಂಟಿಗೆ ಹೋಯಿತು. ಮಧ್ಯಾಹ್ನ ಅದನ್ನು ಕಲ್ಲಿನಿಂದ ಅರೆದು ಅನ್ನಕ್ಕೆ ಕಲಸಿ ಉಂಡೆ ಮಾಡಿ ಎಲ್ಲ ಕೋಳಿಗಳಿಗೂ ಹಾಕುತ್ತಿದ್ದರು. ಆದರೆ ತೊಡೆಯೇರಿ ಕೂರುತ್ತಿದ್ದುದು ಚುಕ್ಕಿ, ಮೈತುಂಬ ಬೊಟ್ಟುಗಳಿದ್ದ ಅತಿ ಚಿಕ್ಕ ಹ್ಯಾಟೆ. ಕೈಯಿಂದಲೇ ಕಿತ್ತು ತಿನ್ನುತ್ತಿದ್ದ ಅದಕ್ಕೆ ಹೆಚ್ಚು ಪಾಲು ಹೋಗುತ್ತಿತ್ತು.

ಬಿಳಿ ಕೋಳಿಯ ಮೊಟ್ಟೆ ಸರಿಹೋಗಲಿಲ್ಲ. ಚುಕ್ಕಿ ಮಾತ್ರ ಮಂಕಾಯಿತು. ಗರಿ ಕೆದರಿಕೊಂಡು ನೀರಿನ ತಟ್ಟೆಯ ಪಕ್ಕದಲ್ಲೇ ನಿಲ್ಲುತ್ತಿತ್ತು, ಕುಡಿದಷ್ಟೂ ಕುಡಿಯುತ್ತಿತ್ತು. ಒಂದು ಸಂಜೆ ಅದು ಕಾಲೆಳೆಯುವುದನ್ನು ಭೋಜರಾಜ ನೋಡಿದ.

"ಅವ್ವಾ, ಇದ್ಯಾಕೆ ಹಿಂಗಾಡ್ತದೆ?"

ಲೀಲಮ್ಮ ಚುಕ್ಕಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಚುಕ್ಕಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಕೋಳಿಯ ಕಾಲು ಮುಟ್ಟಿ ನೋಡಿ, ಏನೇನು ಹಾಕುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ಅನ್ನ, ಸಜ್ಜೆ, ಸೊಪ್ಪು ಎಂದಳು ಅಂಬುಜಾ.

"ಕ್ಯಾಲ್ಸಿಯಂ ಏನಾದರೂ?"

ಆ ಒಂದು ಪದ ಲೀಲಮ್ಮನಿಗೆ ಅರ್ಥವಾಯಿತು. ಅವರು ಮೆಲ್ಲಗೆ ಸೆರಗಿನ ಗಂಟು ಬಿಚ್ಚಿ ಮಾತ್ರೆಯನ್ನು ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ನಗಲಿಲ್ಲ, ಗದರಲೂ ಇಲ್ಲ. ಅವರು ಹೇಳಿದ್ದನ್ನು ಅಂಬುಜಾ ಅತ್ತೆಯ ಕಿವಿಯ ಹತ್ತಿರ ಕನ್ನಡದಲ್ಲಿ ಹೇಳಿದಳು. "ಮೊಟ್ಟೆ ಇಡೋ ಕೋಳಿಗೆ ಮಾತ್ರ ಅಷ್ಟು ಬೇಕಂತೆ ಅತ್ತೆ. ಎಳೇದಕ್ಕೆ, ಹುಂಜಕ್ಕೆ ಹೆಚ್ಚಾದ್ರೆ ಕಿಡ್ನಿ ತಡೆಯಲ್ಲವಂತೆ. ಯಾವತ್ತೂ ತಿಂಡೀಲಿ ಕಲಸಬಾರದಂತೆ. ಕಡಲ ಚಿಪ್ಪು ಒಡೆದು ಬೇರೆ ಬಟ್ಟಲಲ್ಲಿ ಇಟ್ರೆ, ಬೇಕಾದ್ದು ತಾನೇ ಬಂದು ತಿನ್ನತ್ತಂತೆ."

"ಹಂಗಾರೆ ನಾನೇ ಇಸ ಇಕ್ಬುಟ್ನಾ ಇದ್ಕೆ?"

"ಇಲ್ಲ ಅತ್ತೆ. ಈಗ ನಿಲ್ಲಿಸಿದ್ರೆ ಉಳಿಯಬಹುದು ಅಂತಾರೆ."

ಆಟೋದಲ್ಲಿ ಲೀಲಮ್ಮ ಬುಟ್ಟಿಯನ್ನು ತಬ್ಬಿಕೊಂಡು ಕೂತಿದ್ದರು. ಅಂಬುಜಾಳಿಗೆ ಸಿಟ್ಟು ತಡೆಯಲಾಗಲಿಲ್ಲ. "ನೀವ್ಯಾಕೆ ಅತ್ತೆ ಮಾತ್ರೆ ತಗೊಳ್ಲಿಲ್ಲ? ಇನ್ನೊಂದ್ಸಲ ಬಿದ್ರೆ ಏನ್ ಗತಿ?"

"ನನ್ ಮೂಳೆ ಗಟ್ಟಿಯಾಗಿ ಏನಾಗ್ಬೇಕವ್ವ? ಕೂತ್ಕಂಡೇ ಇರ್ತೀನಿ. ಆ ಬಿಳಿ ಕೋಳಿ ಆದ್ರೆ ದಿನಾ ದುಡೀತದೆ."

ಅತ್ತೆ ಈ ಊರಿಗೆ ಬಂದ ಮೇಲೆ ಆಸ್ಪತ್ರೆಗಳನ್ನು ಬಿಟ್ಟು ಅವರನ್ನು ಬೇರೆಲ್ಲಿಗೂ ಕರೆದೊಯ್ದಿಲ್ಲವೆಂಬುದು ಆಗ ಅಂಬುಜಾಳ ಮನಸ್ಸಿಗೆ ಬಂತು. ಆ ರಾತ್ರಿ ಊಟಕ್ಕೆ ಬಡಿಸುವಾಗ ಅವಳು ಗಂಡನಿಗೆ ಹೇಳಿದಳು, "ಚಿಪ್ಪು ಅಂಗಡೀಲಿ ತರೋದು ಬೇಡ. ಭಾನುವಾರ ಎಲ್ರೂ ರಾಯಪುರಂ ಕಡಲಿಗೆ ಹೋಗೋಣ."

ಭಾನುವಾರ ಬೆಳಿಗ್ಗೆ ದೋಣಿಗಳು ಬಂದು ನಿಂತಿದ್ದವು. ಗಾಳಿಯ ತುಂಬ ಮೀನಿನ ವಾಸನೆ. ಲೀಲಮ್ಮ ಮೊದಲ ಸಲ ಸಮುದ್ರ ನೋಡಿದರು.

"ಇದು ಎಲ್ಲಿಗಂಟ ಅದೆ, ಭೋಜಾ?"

"ಕೊನೆ ಕಾಣಾಕಿಲ್ಲ ಕಣವ್ವ."

ಅವರು ಒದ್ದೆ ಮರಳಿನ ಮೇಲೆ ಕೂತುಬಿಟ್ಟರು. ಅಲೆ ಬಂದು ಸೀರೆ ನೆನೆಸಿತು, ಹೋಗುವಾಗ ಚಿಪ್ಪುಗಳನ್ನು ಬಿಟ್ಟುಹೋಯಿತು. ಜೋಡಿ ಕಳಚದೆ ಬಾಯ್ತೆರೆದುಕೊಂಡಿದ್ದ ಒಂದನ್ನು ಲೀಲಮ್ಮ ಅಂಗೈಯಲ್ಲಿಟ್ಟುಕೊಂಡರು. "ಯಾರ ಮನೆ ಬಾಗ್ಲೋ ಇದು. ತೆಗೆದಂಗೇ ಬುಟ್ಟು ಹೋಗವ್ರೆ." ಅಂಬುಜಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚೀಲ ತುಂಬತೊಡಗಿದಳು. ಬಿಸಿಲು ಏರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಚಿಪ್ಪುಗಳನ್ನು ಚೆನ್ನಾಗಿ ತೊಳೆದು, ಒಣಗಿಸಿ, ತರಿತರಿಯಾಗಿ ಕುಟ್ಟಿ, ಮಣ್ಣಿನ ಬಟ್ಟಲಲ್ಲಿ ಹಾಕಿ ಮರದ ಬುಡದಲ್ಲಿಟ್ಟರು. ಬಿಳಿ ಕೋಳಿ ಕತ್ತು ಓರೆ ಮಾಡಿ ನೋಡಿ, ಬಂದು ಕಟಕಟ ಕುಕ್ಕತೊಡಗಿತು. ಹುಂಜ ಒಂದು ಚೂರು ಎತ್ತಿಕೊಂಡು, ಕೆಡವಿ, ತನ್ನ ಪಾಡಿಗೆ ಹೋಯಿತು. ಹ್ಯಾಟೆಗಳು ಅತ್ತ ಸುಳಿಯಲೂ ಇಲ್ಲ.

"ನೋಡವ್ವ, ಯಾರೂ ಹೇಳ್ಕೊಡ್ದೆ ಹೆಂಗೆ ಗೊತ್ತಾಯ್ತದೆ ಇವ್ಕೆ!" ಎಂದರು ಲೀಲಮ್ಮ.

ಕೆಲವು ವಾರಗಳಲ್ಲಿ ಬಿಳಿ ಕೋಳಿಯ ಮೊಟ್ಟೆ ಗಟ್ಟಿಯಾಯಿತು. ಚುಕ್ಕಿಯೂ ಚೇತರಿಸಿಕೊಂಡಿತು, ಆದರೆ ಒಂದು ಕಾಲು ಸ್ವಲ್ಪ ಎಳೆಯುವುದು ಹಾಗೇ ಉಳಿಯಿತು. ಅದು ಕುಂಟಿಕೊಂಡು ಬಂದಾಗಲೆಲ್ಲ ಲೀಲಮ್ಮ ಅದರ ಬೆನ್ನು ಸವರುತ್ತಿದ್ದರು. ಅಂಬುಜಾ ಈಗ ಮಧ್ಯಾಹ್ನ ಮಲಗುವುದಿಲ್ಲ. ಅತ್ತೆ ಮಾತ್ರೆ ನುಂಗಿದ್ದನ್ನು ನೋಡಿಕೊಂಡು, ಅವರ ಜೊತೆಯಲ್ಲೇ ಹಿತ್ತಲಿಗೆ ಬಂದು ಕೂರುತ್ತಾಳೆ.

ಒಂದು ಮಧ್ಯಾಹ್ನ ಲೀಲಮ್ಮ ಅರೆನಿದ್ದೆಯಿಂದ ಎಚ್ಚರಾಗಿ ಹೇಳಿದರು, "ಸಮುದ್ರ ಇಲ್ಲಿಗೇ ಬಂದಿತ್ತು ಕಣವ್ವ, ಹಿತ್ಲಿಗೆ. ನೀನು ಲಂಗ ಎತ್ಕಂಡು ನಿಂತಿದ್ದೆ, ಚಿಕ್ ಮಗೀನಂಗೆ."

ಅಂಬುಜಾ ನಕ್ಕಳು. "ನೀರು ಎಷ್ಟಿತ್ತು ಅತ್ತೆ?"

"ಮಂಡಿಗಂಟ," ಎಂದು ಲೀಲಮ್ಮ ಮತ್ತೆ ಕಣ್ಣು ಮುಚ್ಚಿದರು. "ಬೆಚ್ಚಗಿತ್ತು."